ಹೃದಯದ ಔಷಧವೂ ಮನೆಯವರ ಎಚ್ಚರವೂ

ಔಷಧವನ್ನು ಗೊತ್ತುಮಾಡುವವರು ವೈದ್ಯರು. ದಿನದಿನವೂ ಅದನ್ನು ರೋಗಿಗೆ ಕೊಟ್ಟು ಪರಿಣಾಮವನ್ನು ಗಮನಿಸತಕ್ಕವರು ಮನೆಯವರಾದ ನಾವು. ಎರಡು ಔಷಧಗಳ ವಿಷಯದಲ್ಲಿ ಈ ಎಚ್ಚರವು ಪ್ರಾಣವನ್ನೇ ಉಳಿಸಬಲ್ಲುದು.

ಮೊದಲನೆಯದು ಡಿಗಾಕ್ಸಿನ್. ಇದು ಡಿಜಿಟಾಲಿಸ್ ಜಾತಿಯ ಗಿಡದ ಎಲೆಯಿಂದ ದೊರೆಯುವುದು. ಆಂಗ್ಲ ವೈದ್ಯ ವಿಲಿಯಂ ವಿದರಿಂಗನು 1785ರಲ್ಲಿಯೇ ಈ ಬಗೆಯ ಗಿಡದ ಗುಣದೋಷಗಳನ್ನು ಗ್ರಂಥರೂಪದಲ್ಲಿ ತಿಳಿಸಿದನು. ಇದು ಹೃದಯದ ಅತಿವೇಗವನ್ನು ತಗ್ಗಿಸುವುದು. ಆದುದರಿಂದ ಗುಳಿಗೆ ಕೊಡುವ ಮುನ್ನ ಗಡಿಯಾರವನ್ನು ನೋಡುತ್ತ ಪೂರ್ಣ ಒಂದು ನಿಮಿಷ ನಾಡಿಯನ್ನು ಎಣಿಸಬೇಕು. ವಯಸ್ಕರಲ್ಲಿ ಅದು 60ಕ್ಕಿಂತ ಕಡಿಮೆಯಿದ್ದರೆ ಗುಳಿಗೆಯನ್ನು ತಡೆದು ವೈದ್ಯರನ್ನು ಕೇಳತಕ್ಕದ್ದು. ಅರುಚಿ, ವಾಂತಿ, ನೋಟಕ್ಕೆ ಹಳದಿ ಛಾಯೆ ಇವು ಔಷಧವು ಮಿತಿಮೀರಿದ ಸೂಚನೆಗಳಾಗಿರಬಹುದು.

ಎರಡನೆಯದು ರಕ್ತವು ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್. ಅಮೆರಿಕದಲ್ಲಿ 1948ರಲ್ಲಿ ಇಲಿಪಾಷಾಣವಾಗಿ ಬಂದ ಇದು 1954ರಲ್ಲಿ ಮನುಷ್ಯರ ಔಷಧವಾಗಿ ಅಂಗೀಕೃತವಾಯಿತು. ಪ್ರಮಾಣವೇ ಇಲ್ಲಿ ಸರ್ವಸ್ವ. ನಿತ್ಯವೂ ಒಂದೇ ಹೊತ್ತಿಗೆ ಕೊಡಬೇಕು. ಮರೆತರೆ ಮರುದಿನ ಇಮ್ಮಡಿ ಕೊಡಕೂಡದು. ಹೇಳಿದ ದಿನ ರಕ್ತಪರೀಕ್ಷೆ ತಪ್ಪಿಸಕೂಡದು. ಸೊಪ್ಪನ್ನು ಬಿಡಬೇಕಾಗಿಲ್ಲ, ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಮಾಡದಿದ್ದರೆ ಸಾಕು. ವೈದ್ಯರನ್ನು ಕೇಳದೆ ನೋವಿನ ಗುಳಿಗೆ ಬೇಡ. ಒಸಡಿನಲ್ಲಿ ರಕ್ತ ಕಂಡರೆ ವೈದ್ಯರಿಗೆ ತಿಳಿಸಬೇಕು. ಮಲ ಕಪ್ಪಾದರೆ, ತಲೆಗೆ ಪೆಟ್ಟಾದರೆ ಕೂಡಲೆ ಆಸ್ಪತ್ರೆಗೆ ಒಯ್ಯಬೇಕು.

ನಾಡಿಯನ್ನು ಎಣಿಸಲು, ಪೊಟ್ಟಣದ ಹೆಸರನ್ನು ಓದಿ ಹೇಳಲು ಶಾಲೆಯ ಮಕ್ಕಳೂ ಬಲ್ಲರು. ಅಜ್ಜ ಅಜ್ಜಿಯರಿಗೆ ನಾವು ಸಲ್ಲಿಸಬಹುದಾದ ಸೇವೆಗಳಲ್ಲಿ ಇದು ಸಣ್ಣದಲ್ಲ.