ಹಳೆಯ ಡೀಸೆಲ್ ದೋಣಿಯ ವೇಗ: ಒಂದು ವಿಜ್ಞಾನ ಪಾಠ

ಕಾಸರಗೋಡಿನ ಕಡಲತೀರದ ನಮ್ಮ ಶಾಲೆಯಲ್ಲಿ ಕಲಿತು ಮೀನುಗಾರಿಕೆಯನ್ನೇ ವೃತ್ತಿಯಾಗಿ ಆರಿಸಿಕೊಂಡವರ ಸಂಖ್ಯೆ ಸಣ್ಣದಲ್ಲ. "ಮಾಷ್ಟ್ರೇ, ಬೋಟು ಹಳತಾಯಿತು, ಮೊದಲಿನ ಓಟವಿಲ್ಲ, ದೊಡ್ಡ ಇಂಜಿನು ಕೂರಿಸಿದರೆ ಹೇಗೆ?" ಎಂಬ ಪ್ರಶ್ನೆಯನ್ನು ಅವರು ನನ್ನಲ್ಲಿ ಕೇಳುವುದುಂಟು. ಹೊಸ ಇಂಜಿನೆಂದರೆ ಲಕ್ಷಾಂತರ ರೂಪಾಯಿಗಳ ಸಾಲ. ಸಾಲವೂ ಉಳಿದು ವೇಗವೂ ಹೆಚ್ಚದಿದ್ದರೆ ಒಂದು ಕುಟುಂಬದ ಹಲವು ವರ್ಷಗಳ ದುಡಿಮೆ ನೀರುಪಾಲಾದಂತೆ. ಆದುದರಿಂದ ಹೈಸ್ಕೂಲಿನ ಭೌತಶಾಸ್ತ್ರದ ಬೆಳಕಿನಲ್ಲಿಯೇ ಈ ಪ್ರಶ್ನೆಯನ್ನು ಪರಿಶೀಲಿಸೋಣ.

1. ನೀರು ಒಡ್ಡುವ ತಡೆ

ಚಲಿಸುವ ದೋಣಿಗೆ ನೀರು ಮುಖ್ಯವಾಗಿ ಎರಡು ಬಗೆಯ ತಡೆಯನ್ನು ಒಡ್ಡುತ್ತದೆ. ದೋಣಿಯ ಮೈಗೂ ನೀರಿಗೂ ನಡುವಣ ಘರ್ಷಣೆ ಒಂದು. ದೋಣಿ ತಾನೇ ಎಬ್ಬಿಸುವ ಅಲೆಗಳಿಗೆ ವ್ಯಯವಾಗುವ ಶಕ್ತಿ ಇನ್ನೊಂದು. ಇಂಗ್ಲೆಂಡಿನ ವಿಲಿಯಂ ಫ್ರೂಡ್ (1810-1879) ಎಂಬ ಇಂಜಿನಿಯರರು 1870ರ ದಶಕದಲ್ಲಿ ಉದ್ದನೆಯ ನೀರಿನ ತೊಟ್ಟಿಯಲ್ಲಿ ಹಡಗಿನ ಸಣ್ಣ ಮಾದರಿಗಳನ್ನು ಎಳೆದು, ಈ ಎರಡನ್ನೂ ಬೇರ್ಪಡಿಸಿ ಲೆಕ್ಕಹಾಕುವ ಕ್ರಮವನ್ನು ತೋರಿಸಿಕೊಟ್ಟರು.

ವೇಗ ಹೆಚ್ಚಿದಂತೆ ದೋಣಿ ಎಬ್ಬಿಸುವ ಅಲೆಯ ಉದ್ದವೂ ಹೆಚ್ಚುತ್ತದೆ. ಅಲೆಯ ಉದ್ದವು ದೋಣಿಯ ಉದ್ದಕ್ಕೆ ಸಮನಾದಾಗ ದೋಣಿಯು ತನ್ನದೇ ಅಲೆಯ ತಗ್ಗಿನಲ್ಲಿ ಸಿಕ್ಕಿಕೊಂಡು, ಮೂತಿಯೆತ್ತಿ ಗುಡ್ಡ ಹತ್ತುವಂತಾಗುತ್ತದೆ. ಈ ವೇಗಕ್ಕೆ ಒಂದು ಸುಲಭ ಸೂತ್ರವಿದೆ: ನೀರಿನ ಮಟ್ಟದಲ್ಲಿ ದೋಣಿಯ ಉದ್ದವನ್ನು ಅಡಿಗಳಲ್ಲಿ ಅಳೆದು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಬರುವ ಸಂಖ್ಯೆಯೇ ನಾಟ್ ಲೆಕ್ಕದ ವೇಗ. ಒಂದು ನಾಟ್ ಎಂದರೆ ಗಂಟೆಗೆ 1.852 ಕಿಲೋಮೀಟರ್. 36 ಅಡಿಯ ದೋಣಿಗೆ ವರ್ಗಮೂಲ 6. ಆದುದರಿಂದ ಮಿತಿ ಸುಮಾರು 8 ನಾಟ್, ಅಂದರೆ ಗಂಟೆಗೆ 15 ಕಿಲೋಮೀಟರಿಗೆ ಹತ್ತಿರ. ಹೊಟ್ಟೆ ತುಂಬಿದ, ಭಾರ ಹೊರುವ ದೋಣಿ ಈ ಮಿತಿಯ ಬಳಿ ಬಂದಮೇಲೆ ಎಷ್ಟು ಅಶ್ವಶಕ್ತಿ ಸೇರಿಸಿದರೂ ಹೆಚ್ಚಿನ ಪಾಲು ಅಲೆಗೇ ಸಲ್ಲುತ್ತದೆ.

ಅಮೆರಿಕೆಯಲ್ಲಿ ವಿನೋದಕ್ಕಾಗಿ ಮೀನು ಹಿಡಿಯುವ ದೋಣಿಗಳು ಇದಕ್ಕಿಂತ ಎಷ್ಟೋ ವೇಗವಾಗಿ ಓಡುತ್ತವಲ್ಲ ಎಂದು ಕೇಳಬಹುದು. ಅವುಗಳ ಅಡಿಭಾಗ ಬೇರೆ ರೂಪದ್ದು; ವೇಗ ಬಂದೊಡನೆ ಮೇಲೆದ್ದು ನೀರಿನ ಮೇಲ್ಮೈಯಲ್ಲಿ ಜಾರುತ್ತವೆ. ಅಂತಹ ದೋಣಿಗೆ ತೂಕವೇ ಪರಮ ಶತ್ರು. ನಮ್ಮ ದೋಣಿಗಳಾದರೋ ಬಲೆ, ಐಸು, ಡೀಸೆಲ್, ಮೀನು ಎಲ್ಲವನ್ನೂ ಹೊತ್ತು ನೀರನ್ನು ಸೀಳಿಕೊಂಡು ಹೋಗತಕ್ಕವು. ಇವೆರಡರ ಹೋಲಿಕೆ ಸಲ್ಲದು.

2. ವೇಗದ ಬೆಲೆ

ಮೇಲೆ ಹೇಳಿದ ಮಿತಿಯ ಒಳಗೆ, ಬೇಕಾಗುವ ಶಕ್ತಿಯು ಸ್ಥೂಲವಾಗಿ ವೇಗದ ಘನಕ್ಕೆ ಅನುಪಾತದಲ್ಲಿರುತ್ತದೆ. ವೇಗವನ್ನು 7 ನಾಟ್‌ನಿಂದ 8ಕ್ಕೆ ಏರಿಸಿದರೆ ಶಕ್ತಿ ಸುಮಾರು ಒಂದೂವರೆ ಪಟ್ಟು ಬೇಕು. ಇದನ್ನೇ ತಿರುವಿ ನೋಡಿರಿ. 24 ನಾಟಿಕಲ್ ಮೈಲಿ ದೂರವನ್ನು 8 ನಾಟ್ ವೇಗದಲ್ಲಿ 3 ಗಂಟೆಯಲ್ಲಿ, 7 ನಾಟ್ ವೇಗದಲ್ಲಿ 3 ಗಂಟೆ 26 ನಿಮಿಷಗಳಲ್ಲಿ ಕ್ರಮಿಸಬಹುದು. ಹೆಚ್ಚು ಹಿಡಿಯುವುದು 26 ನಿಮಿಷ. ಉಳಿಯುವ ಡೀಸೆಲ್ ಈ ಲೆಕ್ಕದಂತೆ ನೂರಕ್ಕೆ 23ರಷ್ಟು. ಮಿತಿಯ ಸಮೀಪದಲ್ಲಿ ಅಲೆಯ ತಡೆ ಇನ್ನೂ ಕಡಿದಾಗಿ ಏರುವುದರಿಂದ ಉಳಿತಾಯ ಇದಕ್ಕಿಂತಲೂ ಹೆಚ್ಚಾಗಬಹುದು.

3. ಇಂಜಿನಿನ ಉಸಿರು

ಡೀಸೆಲ್ ಇಂಜಿನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ಗಿಲ್ಲ. ಗಾಳಿಯನ್ನು ಬಲವಾಗಿ ಒತ್ತಿದಾಗ ಅದು ಕಾಯುತ್ತದೆ. ಆ ಕಾವಿನಲ್ಲಿ ಸಿಂಪಡಿಸಿದ ಎಣ್ಣೆ ತಾನೇ ಹೊತ್ತಿಕೊಳ್ಳುತ್ತದೆ. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದ್ದು ಈ ತತ್ತ್ವವನ್ನೇ. 1 ಕಿಲೋ ಡೀಸೆಲ್ ಪೂರ್ಣವಾಗಿ ಉರಿಯಲು ಕನಿಷ್ಠ ಹದಿನಾಲ್ಕೂವರೆ ಕಿಲೋ ಗಾಳಿ ಬೇಕು. ಇಂಜಿನು ಕೋಣೆಗೆ ಗಾಳಿ ಬರುವ ದಾರಿಯಲ್ಲಿ ಬಲೆಯನ್ನೋ ಗೋಣಿಯನ್ನೋ ತುರುಕಿದರೆ ಉಸಿರು ಕಟ್ಟುವುದು ಸಹಜ.

ಹೊಗೆಯ ಬಣ್ಣವೇ ರೋಗ ಹೇಳುವ ನಾಡಿ. ಕಪ್ಪು ಹೊಗೆಯೆಂದರೆ ಗಾಳಿ ಸಾಲದು ಅಥವಾ ಹೊರೆ ಮಿತಿಮೀರಿದೆ. ಇಂಜಿನು ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಎಣ್ಣೆ ಉರಿಯದೆ ಹೋಗುತ್ತಿದೆ, ಇಲ್ಲವೇ ನೀರು ಒಳಸೇರುತ್ತಿದೆ. ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ. ರಿಂಗು, ವಾಲ್ವುಗಳ ಸವೆತವನ್ನು ನೋಡಿಸಬೇಕು.

4. ಪ್ರೊಪೆಲ್ಲರಿನ ಲೆಕ್ಕ

ಪ್ರೊಪೆಲ್ಲರ್ ಒಂದು ಸ್ಕ್ರೂ ಇದ್ದಂತೆ. ಒಂದು ಸುತ್ತಿಗೆ ಅದು ಮುಂದೆ ಸಾಗಬೇಕಾದ ದೂರಕ್ಕೆ ಪಿಚ್ ಎನ್ನುತ್ತಾರೆ. ಪಿಚ್ ಅರ್ಧ ಮೀಟರ್, ಶಾಫ್ಟಿನ ಸುತ್ತು ನಿಮಿಷಕ್ಕೆ 800 ಇದ್ದರೆ, ಗಂಟೆಗೆ 24 ಕಿಲೋಮೀಟರ್ ಆಗಬೇಕು. ದೋಣಿ ಓಡುವುದು 15 ಮಾತ್ರ ಎಂದಾದರೆ, ಉಳಿದ 9 ನೀರಿನಲ್ಲಿ ಜಾರಿಹೋಯಿತು. ಸ್ವಲ್ಪ ಜಾರಿಕೆಯಿಲ್ಲದೆ ತಳ್ಳುವ ಬಲವೇ ಹುಟ್ಟದು. ಆದರೆ ಅಡಿ ಚೊಕ್ಕಟವಿದ್ದಾಗಿನ ಅಂಕಿಯನ್ನು ಬರೆದಿಟ್ಟರೆ, ಮುಂದೆ ಅದು ಹೆಚ್ಚಿದಾಗ ದೋಷ ನೀರಿನ ಕೆಳಗಿದೆಯೆಂದು ತಿಳಿಯುತ್ತದೆ.

ಇನ್ನೊಂದು ಪರೀಕ್ಷೆಯುಂಟು. ಎಂದಿನ ಹೊರೆಯೊಡನೆ ಪೂರ್ತಿ ಥ್ರಾಟಲ್ ಕೊಟ್ಟಾಗ ಇಂಜಿನು ತಯಾರಕರು ಹೇಳಿದ ಸುತ್ತನ್ನು ಮುಟ್ಟಲೇಬೇಕು. ಮುಟ್ಟದಿದ್ದರೆ ಪ್ರೊಪೆಲ್ಲರ್ ಹೆಚ್ಚು ದೊಡ್ಡದು, ಅಥವಾ ಅಡಿ ಮಲಿನವಾಗಿದೆ, ಅಥವಾ ಇಂಜಿನಿಗೇ ಶಕ್ತಿ ಕುಂದಿದೆ. ಕಾರಣ ತಿಳಿಯದೆ ಪಂಪಿನ ಸೀಲು ಒಡೆಸಿ ಎಣ್ಣೆಯನ್ನು ಹೆಚ್ಚು ಬಿಡಿಸುವವರಿದ್ದಾರೆ. ಇದರಿಂದ ಕಪ್ಪು ಹೊಗೆ ಹೆಚ್ಚುವುದು, ಪಿಸ್ಟನ್ ಮಿತಿಮೀರಿ ಕಾಯುವುದು. ನಡುಗಡಲಿನಲ್ಲಿ ಇಂಜಿನು ಕೈಕೊಟ್ಟರೆ ಅಪಾಯ ದೋಣಿಯಲ್ಲಿರುವ ಎಲ್ಲರಿಗೂ.

5. ಮಾಡಬೇಕಾದ ಕ್ರಮ

ಕೇರಳದಲ್ಲಿ ಟ್ರಾಲಿಂಗ್ ನಿಷೇಧದ 52 ದಿನಗಳು ದುರಸ್ತಿಗೆ ಸಕಾಲ. ಕಡಿಮೆ ಖರ್ಚಿನದು ಮೊದಲು, ಹೆಚ್ಚು ಖರ್ಚಿನದು ಕೊನೆಗೆ ಎಂಬುದೇ ನಿಯಮ.

(ಅ) ಅಡಿಗೆ ಅಂಟಿದ ಪಾಚಿ, ಚಿಪ್ಪುಗಳನ್ನು ಕೆರೆದು ತೆಗೆದು ಬಣ್ಣ ಕೊಡಿಸುವುದು; ಪ್ರೊಪೆಲ್ಲರಿನ ಅಲಗುಗಳನ್ನು ಉಜ್ಜಿ, ಬಾಗಿದ್ದರೆ ಸರಿಪಡಿಸುವುದು.
(ಆ) ಬೇಡದ ಹಗ್ಗ, ಕಬ್ಬಿಣ, ತಳದಲ್ಲಿ ನಿಂತ ನೀರನ್ನು ತೆಗೆದು, ಹೊರೆಯನ್ನು ಸಮನಾಗಿ ಹಂಚುವುದು.
(ಇ) ಗಾಳಿಯ ಮತ್ತು ಎಣ್ಣೆಯ ಫಿಲ್ಟರುಗಳನ್ನು ಬದಲಿಸಿ, ಟ್ಯಾಂಕಿನ ತಳದ ನೀರನ್ನು ಬಸಿಯುವುದು.
(ಈ) ಇಂಜೆಕ್ಟರುಗಳನ್ನು ಪರೀಕ್ಷೆಗೆ ಕೊಡುವುದು; ತಂಪು ನೀರಿನ ಕೊಳವೆಗಳ ಉಪ್ಪು ತೆಗೆಸುವುದು; ಶಾಫ್ಟ್ ನೇರವಾಗಿದೆಯೇ ನೋಡುವುದು.
(ಉ) ಇಷ್ಟಾದ ಮೇಲೂ ಸುತ್ತು ಸಾಲದಿದ್ದರೆ ಪ್ರೊಪೆಲ್ಲರಿನ ಪಿಚ್ ಬದಲಿಸುವ ವಿಚಾರ. ಹೊಸ ಇಂಜಿನಿನ ಮಾತು ಎಲ್ಲಕ್ಕೂ ಕೊನೆಗೆ.

ಪ್ರತಿಯೊಂದು ಕೆಲಸದ ನಂತರವೂ ಒಂದೇ ದೂರವನ್ನು ಹೋಗುತ್ತಲೂ ಬರುತ್ತಲೂ ಓಡಿಸಿ, ಸುತ್ತು, ವೇಗ, ಡೀಸೆಲ್ ಮೂರನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ಎರಡು ದಿಕ್ಕಿನ ವೇಗಗಳ ಸರಾಸರಿ ತೆಗೆದರೆ ನೀರಿನ ಸೆಳೆತದ ಪ್ರಭಾವ ಕಳೆಯುತ್ತದೆ. ಘರ್ಷಣೆ, ಒತ್ತಡ, ಅನುಪಾತ, ವರ್ಗಮೂಲ – ಇವೆಲ್ಲವೂ ನಾವು ಕನ್ನಡದಲ್ಲಿಯೇ ಕಲಿತ ಮಾತುಗಳು. ಗಡಿಯಾಚೆಯ ಈ ನೆಲದಲ್ಲಿ ನಮ್ಮ ಶಾಲೆ ಐವತ್ತು ವರ್ಷ ಕಲಿಸಿದ ವಿದ್ಯೆ ಪರೀಕ್ಷೆಯ ಕಾಗದದಲ್ಲಿಯೇ ಉಳಿಯದೆ ಕಡಲಿಗಿಳಿದು ಒಂದು ಮನೆಯ ಸಾಲವನ್ನು ತಪ್ಪಿಸಿದರೆ, ಅದಕ್ಕಿಂತ ಮಿಗಿಲಾದ ಸಾರ್ಥಕತೆ ಯಾವುದಿದೆ?