ಬರ್ಗರ್ ಕೌಂಟರೋ, ಗೊಂಬೆ ಅಂಗಡಿಯೋ?

ಫ್ಲೋರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ನ ಕಾಲೇಜ್ ಪ್ರೋಗ್ರಾಂಗೆ (ವಿದ್ಯಾರ್ಥಿಗಳು ಅಲ್ಲೇ ಸಂಬಳಕ್ಕೆ ದುಡಿಯುವ ಯೋಜನೆ) ಅರ್ಜಿ ಹಾಕುವವರಲ್ಲಿ ಹಲವರು ಅಂಗಡಿ ಕೆಲಸವೇ ಹಗುರ ಎಂದುಕೊಳ್ಳುತ್ತಾರೆ. ಹಾಗೇನಿಲ್ಲ. ಅಲ್ಲಿನ ಮ್ಯಾಜಿಕ್ ಕಿಂಗ್‌ಡಮ್ ಪಾರ್ಕಿನ ಮೇನ್ ಸ್ಟ್ರೀಟ್‌ನಲ್ಲಿ ಎಂಪೋರಿಯಂ ಎಂಬ ದೊಡ್ಡ ಮಳಿಗೆಯಿದೆ. ರಾತ್ರಿಯ ಬಾಣಬಿರುಸು ಮುಗಿದು ಜನ ಹೊರಬಾಗಿಲಿನತ್ತ ತಿರುಗಿದರೆಂದರೆ ಅಲ್ಲಿ ಜಾತ್ರೆಯೇ. ಅವರೆಲ್ಲ ಹೋದ ಮೇಲೆ ಚೆಲ್ಲಾಪಿಲ್ಲಿಯಾದ ಟೀಶರ್ಟುಗಳನ್ನು ಮಡಚುವವರು ನೀವೇ. ಆದರೂ ಅಪರಿಚಿತರೊಂದಿಗೆ ಹರಟುವ ಖುಷಿ ನಿಮಗಿದ್ದರೆ, ಮಕ್ಕಳೊಂದಿಗೆ ಡಿಸ್ನಿ ಬ್ಯಾಡ್ಜ್ ಪಿನ್‌ಗಳನ್ನು ಅದಲುಬದಲು ಮಾಡುವುದು ಇಷ್ಟವಾದರೆ, ನನ್ನ ಮತ ಅಂಗಡಿಗೇ.

ಒಂದೇ ಕೆಲಸಕ್ಕೆ ಬೇಸರ ಬರುವವರಿಗೆ ಕ್ವಿಕ್ ಸರ್ವೀಸ್ ಊಟದ ಕೌಂಟರ್ ವಾಸಿ. ಕ್ಯಾಶ್, ಅಡುಗೆಮನೆ, ಮೇಜು ಒರೆಸುವುದು, ಹೀಗೆ ಕೆಲಸ ಬದಲಾಗುತ್ತಿರುತ್ತದೆ. ಎಣ್ಣೆಯ ವಾಸನೆ ಮಾತ್ರ ಮನೆತನಕ ಬರುತ್ತದೆ. ಟಿಪ್ಸ್ ನಂಬಿ ಲೆಕ್ಕ ಹಾಕಬೇಡಿ. ಎರಡೂ ಕಡೆ ಪಾಳಿಯುದ್ದಕ್ಕೂ ನಿಂತೇ ಇರಬೇಕು. ಶೂಗೆ ಜಿಪುಣತನ ಬೇಡ.

ನಮ್ಮ ಸಸ್ಯಾಹಾರಿ ಹುಡುಗ ಹುಡುಗಿಯರಿಗೆ ಇನ್ನೊಂದು ಮಾತು: ಅಲ್ಲಿನ ಬರ್ಗರ್ ಎಂದರೆ ಸಾಮಾನ್ಯವಾಗಿ ದನದ ಮಾಂಸ. ಮುಟ್ಟಲು ಮನಸ್ಸೊಪ್ಪದಿದ್ದರೆ ಸಂದರ್ಶನದಲ್ಲೇ ಹೇಳಿಬಿಡಿ. ಯಾವ ಕೆಲಸದಲ್ಲಿ ಆಸಕ್ತಿ ಎಂದು ನೀವು ತಿಳಿಸಬಹುದು, ಆದರೆ ಯಾವ ಪಾರ್ಕು, ಯಾವ ಕೌಂಟರು ಎಂಬುದನ್ನು ತೀರ್ಮಾನಿಸುವವರು ಡಿಸ್ನಿಯವರೇ.