ಕೂತ ಗಂಟೆಗಳ ಲೆಕ್ಕ ಬಿಡು, ಮಗಳೇ



ಧಾರವಾಡದ ರೂಮಿನಿಂದ ನೀನು ಫೋನಿನಲ್ಲಿ ಹೇಳಿದ ಮಾತು ಮನಸ್ಸನ್ನು ಬಿಟ್ಟು ಹೋಗಿಲ್ಲ. ಜೊತೆಯವರು ದಿನಕ್ಕೆ ಹದಿನಾಲ್ಕು ಗಂಟೆ ಓದುತ್ತಾರೆ, ನೀನೂ ಬೆಳಗಿನಿಂದ ಪುಸ್ತಕದ ಮುಂದೆಯೇ ಇರುತ್ತೀ, ಆದರೂ ಮಲಗುವ ಹೊತ್ತಿಗೆ ಏನು ಓದಿದೆ ಎಂದು ಕೇಳಿಕೊಂಡರೆ ಉತ್ತರ ಸಿಗುವುದಿಲ್ಲ ಎಂದೆ. ಯುಪಿಎಸ್‌ಸಿಗೋ ಕೆಎಎಸ್‌ಗೋ ಓದುತ್ತಿರುವ ಎಷ್ಟೋ ಮಕ್ಕಳ ಕಷ್ಟವಿದು. ಅವರ ಕಣ್ಣಿಗೂ ಬೀಳಲಿ ಎಂದೇ ನಿನಗೆ ಬಹಿರಂಗವಾಗಿ ಬರೆಯುತ್ತಿದ್ದೇನೆ.

ನನ್ನದು ಒಂದೇ ಮಾತು: ಎಷ್ಟು ಗಂಟೆ ಕೂತೆ ಎಂದು ಎಣಿಸಬೇಡ, ಮನಸ್ಸಿಟ್ಟು ಮುಗಿಸಿದ ಅವಧಿ ಎಷ್ಟು ಎಂದು ಎಣಿಸು.

1980ರ ದಶಕದ ಕೊನೆಯಲ್ಲಿ ಇಟಲಿಯ ಫ್ರಾನ್ಚೆಸ್ಕೊ ಚಿರಿಲ್ಲೊ ಎಂಬ ಕಾಲೇಜು ಹುಡುಗನಿಗೂ ಓದು ತಲೆಗೆ ಹತ್ತುತ್ತಿರಲಿಲ್ಲ. ಹತ್ತು ನಿಮಿಷವಾದರೂ ನಿಜವಾಗಿ ಓದಬಲ್ಲೆನೇ ಎಂದು ತನ್ನೊಂದಿಗೇ ಪಂಥ ಕಟ್ಟಿ, ಅಡುಗೆಮನೆಯ ಟೊಮೆಟೊ ಆಕಾರದ ಟೈಮರ್ ಎದುರಿಗಿಟ್ಟುಕೊಂಡ. ಅದರಿಂದ ಬೆಳೆದದ್ದೇ ಪೊಮೊಡೊರೊ ಪದ್ಧತಿ. 25 ನಿಮಿಷ ಒಂದೇ ಕೆಲಸ, 5 ನಿಮಿಷ ವಿರಾಮ. ಇಂಥ ನಾಲ್ಕು ಅವಧಿಗಳ ಮೇಲೆ 15ರಿಂದ 30 ನಿಮಿಷದ ದೊಡ್ಡ ವಿರಾಮ. ಇಷ್ಟು ಎಲ್ಲರಿಗೂ ಗೊತ್ತು. ಇದರ ನಿಜವಾದ ಬಲ ಮುಂದಿನ ನಿಯಮಗಳಲ್ಲಿದೆ.

ಅವಧಿಯನ್ನು ತುಂಡು ಮಾಡುವಂತಿಲ್ಲ. ಹದಿನೈದನೇ ನಿಮಿಷಕ್ಕೆ ಎದ್ದು ಹೋದರೆ ಅದು ಅರ್ಧ ಅವಧಿಯೂ ಅಲ್ಲ, ಸೊನ್ನೆ. ಓದುತ್ತಿರುವಾಗ ಮೆಸ್ ಬಿಲ್ಲೋ ಅರ್ಜಿಯ ಕೊನೆಯ ದಿನಾಂಕವೋ ನೆನಪಾದರೆ ಪಕ್ಕದ ಹಾಳೆಯಲ್ಲಿ ಒಂದು ಸಾಲು ಗೀಚಿ ಮುಂದುವರಿ. ಬರೆದಿಟ್ಟ ಮೇಲೆ ಮನಸ್ಸು ಅದನ್ನೇ ಮೆಲುಕು ಹಾಕುವುದು ಕಡಿಮೆ. ಗೆಳತಿ ಚಹಾಕ್ಕೆ ಕರೆದರೆ "ಇಪ್ಪತ್ತು ನಿಮಿಷ ಬಿಟ್ಟು ಬರ್ತೀನಿ" ಎನ್ನು. ಆಮೇಲೆ ತಪ್ಪದೆ ಹೋಗು. ಕೊಟ್ಟ ಮಾತು ಉಳಿಸಿಕೊಂಡರೆ ನಿನ್ನ ಹೊತ್ತನ್ನು ಉಳಿದವರೂ ಗೌರವಿಸುತ್ತಾರೆ.

ಇನ್ನು ಅಂದಾಜು. ಕೂರುವ ಮೊದಲೇ ಈ ಅಧ್ಯಾಯಕ್ಕೆ ಎಷ್ಟು ಅವಧಿ ಬೇಕು ಎಂದು ಬರೆದಿಡು, ಮುಗಿದ ಮೇಲೆ ಆದದ್ದೆಷ್ಟು ಎಂದು ಬರೆ. ನಾಲ್ಕು ಎಂದುಕೊಂಡದ್ದು ಏಳಾದರೆ ಬೇಸರ ಪಡಬೇಡ. ಆ ಏಳು ನಿನಗೆ ಸಿಕ್ಕ ಸತ್ಯ. ಐದಾರಕ್ಕಿಂತ ಹೆಚ್ಚು ಅವಧಿ ಬೇಡುವ ಕೆಲಸವನ್ನು ಒಡೆದು ಸಣ್ಣದು ಮಾಡು, ಚಿಲ್ಲರೆ ಕೆಲಸಗಳನ್ನು ಒಂದೇ ಅವಧಿಗೆ ಸೇರಿಸು. ಹೀಗೆ ಕೆಲವು ವಾರ ಬರೆದಿಟ್ಟರೆ ಸಿಲಬಸ್ ಎಂಬ ಬೆಟ್ಟದ ಎತ್ತರ ಎಷ್ಟೆಂದು ಗೊತ್ತಾಗುತ್ತದೆ. ಅಳತೆ ಗೊತ್ತಿಲ್ಲದ ಕೆಲಸಕ್ಕೇ ನಾವು ಹೆಚ್ಚು ಹೆದರುವುದು.

ನಿನ್ನ ಪರೀಕ್ಷೆಗೂ ಇದು ಚೆನ್ನಾಗಿ ಹೊಂದುತ್ತದೆ. ಯುಪಿಎಸ್‌ಸಿ ಮೇನ್ಸ್‌ನ ಮೊದಲ ಮೂರು ಸಾಮಾನ್ಯ ಅಧ್ಯಯನ ಪತ್ರಿಕೆಗಳಲ್ಲಿ ತಲಾ 3 ಗಂಟೆಗೆ 20 ಪ್ರಶ್ನೆ, 250 ಅಂಕ. ಅಂದರೆ 10 ಅಂಕದ ಉತ್ತರಕ್ಕೆ ಸುಮಾರು 7 ನಿಮಿಷ, 15 ಅಂಕದ್ದಕ್ಕೆ 11. ಒಂದು ಅವಧಿಯಲ್ಲಿ ಅಂಥ ಒಂದು, ಇಂಥ ಒಂದು ಬರೆದರೆ ಓದಿ ತಿದ್ದಲು ಇನ್ನೂ 7 ನಿಮಿಷ ಉಳಿಯುತ್ತದೆ. ಆದರೆ ಅಣಕು ಪರೀಕ್ಷೆ ಬರೆಯುವ ದಿನ ಟೈಮರ್ ಬದಿಗಿಡು, ಮೂರು ಗಂಟೆಯೂ ಏಳದೆ ಬರೆ. ಪರೀಕ್ಷಾ ಕೊಠಡಿಯಲ್ಲಿ ಐದು ನಿಮಿಷದ ವಿರಾಮ ಯಾರೂ ಕೊಡುವುದಿಲ್ಲ, ಕೈಗೂ ಬೆನ್ನಿಗೂ ಅದು ಅಭ್ಯಾಸವಾಗಬೇಕು. 25 ಎಂಬ ಸಂಖ್ಯೆಗೂ ಅಂಟಿಕೊಳ್ಳಬೇಡ. ನಿನ್ನ ಐಚ್ಛಿಕ ವಿಷಯದಂಥ ಆಳದ ಓದಿಗೆ 50 ನಿಮಿಷ ಕೂತು 10 ನಿಮಿಷ ಏಳುವುದು ಒಗ್ಗಿದರೆ ಹಾಗೇ ಮಾಡು.

ವಿರಾಮದಲ್ಲಿ ಮಾತ್ರ ಫೋನ್ ಮುಟ್ಟಬೇಡ. ಐದು ನಿಮಿಷಕ್ಕೆಂದು ತೆರೆದ ರೀಲ್ಸ್ ಐದು ನಿಮಿಷಕ್ಕೆ ಬಿಡುವುದಿಲ್ಲ. ಬಿಟ್ಟರೂ ತಲೆ ಅಲ್ಲೇ ಸುತ್ತುತ್ತಿರುತ್ತದೆ. ಎದ್ದು ನಾಲ್ಕು ಹೆಜ್ಜೆ ಹಾಕು, ನೀರು ಕುಡಿ, ಕಣ್ಣನ್ನು ದೂರಕ್ಕೆ ಹಾಯಿಸು. ಟೈಮರ್ ಕೂಡ ಫೋನಿನಲ್ಲಿ ಬೇಡ. ಕೈಗಡಿಯಾರ ಸಾಕು, ಓದುವ ಕೋಣೆಯಲ್ಲಿ ಬೇರೆಯವರಿಗೆ ಸದ್ದಿನ ಕಾಟವೂ ಇರುವುದಿಲ್ಲ.

ದಿನಕ್ಕೆ 12 ಅವಧಿ ಅಂದರೆ 5 ಗಂಟೆಯ ಅಪ್ಪಟ ಓದು. ವಿರಾಮ ಸೇರಿದರೂ ಏಳು ಗಂಟೆ ದಾಟದು. ಹದಿನಾಲ್ಕರ ಮಾತು ಕೇಳಿದವರಿಗೆ ಇದು ಕಡಿಮೆ ಅನ್ನಿಸಬಹುದು. ಎದೆ ಕುಗ್ಗಿಸಿಕೊಳ್ಳಬೇಡ. ಈ ಐದು ಗಂಟೆಗೆ ನಿನ್ನ ಹಾಳೆಯಲ್ಲಿ ಲೆಕ್ಕವಿದೆ, ಮಿಕ್ಕ ಹೊತ್ತಿನಲ್ಲಿ ಊಟ, ನಿದ್ದೆ, ಅಮ್ಮನ ಜೊತೆ ಮಾತು ಎಲ್ಲಕ್ಕೂ ಜಾಗವಿದೆ. ತಯಾರಿ ವರ್ಷಗಟ್ಟಲೆ ಎಳೆಯುವ ಪರೀಕ್ಷೆಯಿದು. ಆರೋಗ್ಯ ಕಳೆದುಕೊಂಡು ಯಾರೂ ಕೊನೆತನಕ ಓದಲಾರರು.

ನಾಳೆಯೇ ಹನ್ನೆರಡಕ್ಕೆ ಹಾರಬೇಡ. ಮೊದಲ ವಾರ ದಿನಕ್ಕೆ ನಾಲ್ಕು ಅವಧಿ ಸಾಕು, ಒಂದೂ ಮುರಿಯದಿರಲಿ. ಭಾನುವಾರ ಫೋನ್ ಮಾಡಿದಾಗ ಎಷ್ಟು ಗಂಟೆ ಓದಿದೆ ಎಂದು ನಾನು ಕೇಳುವುದಿಲ್ಲ. ಅಂದಾಜು ಎಲ್ಲಿ ತಪ್ಪಿತು, ಅದರಿಂದ ಏನು ತಿಳಿಯಿತು ಎಂದು ಕೇಳುತ್ತೇನೆ. ಹಾಳೆ ನೋಡಿಕೊಂಡು ಹೇಳು.

ಇಂತಿ ನಿನ್ನ,
ದೊಡ್ಡಮ್ಮ